ಹಳೆಯ ಗಣಕಯಂತ್ರವೂ ಹೊಸ ಗ್ರಾಫಿಕ್ಸ್ ಕಾರ್ಡೂ

ಹಳೆಯ ಗಣಕಯಂತ್ರಕ್ಕೆ ಒಂದು ಗ್ರಾಫಿಕ್ಸ್ ಕಾರ್ಡನ್ನು ತಂದು ಸಿಕ್ಕಿಸಿದರೆ ಅದು ಹೊಸ ಯಂತ್ರಕ್ಕೆ ಸಮನಾಗುವುದೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿರುವುದು. ಅದೆಲ್ಲ ಹಣ ಹಾಳುಮಾಡುವ ಹುಚ್ಚು, ಆಟದ ಗೀಳಲ್ಲದೆ ಮತ್ತೇನೂ ಅಲ್ಲ ಎಂಬುದು ಮನೆಯ ಹಿರಿಯರ ಮತ. ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯಾಂಶವುಂಟು. ಆದರೆ ಇಬ್ಬರಲ್ಲಿ ಯಾರೂ ಅಳೆದು ನೋಡುವ ಗೋಜಿಗೆ ಹೋಗಿರುವುದಿಲ್ಲ. ಅಳೆಯದೆ ಕೊಳ್ಳಬಾರದು, ಅಳೆದು ತಿಳಿದಮೇಲೆ ಕೊಳ್ಳಲು, ಅದರಲ್ಲಿಯೂ ಬಳಸಿದ ಮಾಲನ್ನು ಕೊಳ್ಳಲು, ನಾಚಬಾರದು. ಇದು ನನ್ನ ಅಭಿಪ್ರಾಯ. ಇದಕ್ಕೆ ಆಧಾರಗಳೇನೆಂಬುದನ್ನು ಇಲ್ಲಿ ವಿಚಾರಿಸಬಹುದು.

ನಾನು ಪಾಠ ಹೇಳುವುದು ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ರೈಲನ್ನೇರಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಹೋಗುವ ತಂದೆತಾಯಿಗಳ ಮಕ್ಕಳೇ ನನ್ನ ತರಗತಿಯಲ್ಲಿ ಹೆಚ್ಚಾಗಿ ಕುಳಿತಿರುವವರು. ಇವರಲ್ಲಿ ಅನೇಕರ ಅಜ್ಜಂದಿರು ಗಣಿಯೊಳಗೆ ಇಳಿದವರು. 2001ನೆಯ ಇಸವಿಯ ಫೆಬ್ರವರಿ ಕೊನೆಯಲ್ಲಿ ಗಣಿಯು ಮುಚ್ಚಿತು; ಅಂದಿನಿಂದ ಈ ಮನೆಗಳಲ್ಲಿ ಹಣವೆಂಬುದು ಎಣಿಸಿ ಬಂದು ಎಣಿಸಿ ಹೋಗುವ ಪದಾರ್ಥ. ಮನೆಯಲ್ಲಿರುವ ಗಣಕಯಂತ್ರವಾದರೋ ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಏಳೆಂಟು ವರ್ಷ ದುಡಿದು, ಅಲ್ಲಿಂದ ಹೊರಬಿದ್ದು, ಎಸ್. ಪಿ. ರಸ್ತೆಯ ಅಂಗಡಿಯಲ್ಲಿ ಮೈ ಒರೆಸಿಕೊಂಡು ಬಂದದ್ದು. ಇಂತಹ ಮನೆಯ ಹುಡುಗನೋ ಹುಡುಗಿಯೋ ಐದಾರು ಸಾವಿರ ರೂಪಾಯಿ ಕೂಡಿಹಾಕಿಕೊಂಡು ಬಂದು, ‘ಸಾರ್, ಯಾವ ಕಾರ್ಡು ತೆಗೆದುಕೊಳ್ಳಲಿ?’ ಎಂದು ಕೇಳಿದಾಗ, ಉತ್ತರ ತಪ್ಪಾದರೆ ಹಾಳಾಗುವುದು ಒಂದು ತಿಂಗಳ ದಿನಸಿ. ಆದುದರಿಂದ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ.

ಪರದೆಯ ಮೇಲೆ ಚಿತ್ರ ಮೂಡುವ ಬಗೆಯನ್ನು ಮೊದಲು ತಿಳಿಯೋಣ. ಈಗ ಸಾಮಾನ್ಯವಾಗಿರುವ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುವುವು, ಒಟ್ಟು 20,73,600. ಚಲನೆಯು ನಯವಾಗಿ ತೋರಬೇಕಾದರೆ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಹೊಸದಾಗಿ ಬರೆಯಬೇಕು. ಎಂದರೆ ಪ್ರತಿ ಸೆಕೆಂಡಿಗೂ ಹನ್ನೆರಡು ಕೋಟಿಗೂ ಮೀರಿದ ಚುಕ್ಕೆಗಳ ಬಣ್ಣವನ್ನು ನಿರ್ಣಯಿಸಬೇಕು. ಈ ಕೆಲಸದಲ್ಲಿ ಒಂದು ಚುಕ್ಕೆಯ ಲೆಕ್ಕ ಬಹುಮಟ್ಟಿಗೆ ಮತ್ತೊಂದನ್ನು ಅವಲಂಬಿಸಿರುವುದಿಲ್ಲ. ಆದ್ದರಿಂದಲೇ ನೂರಾರು ಸಣ್ಣ ಲೆಕ್ಕಿಗರನ್ನು ಏಕಕಾಲಕ್ಕೆ ಕೂಡಿಸಬಹುದು. ಗ್ರಾಫಿಕ್ಸ್ ಕಾರ್ಡೆಂದರೆ ಇಂತಹ ಲೆಕ್ಕಿಗರ ಒಂದು ಸಾಲು, ಅವರಿಗೆ ಬೇಕಾದ ಸ್ಮೃತಿ, ಅವರನ್ನು ತಣ್ಣಗಿಡುವ ಫ್ಯಾನು, ಇಷ್ಟೆ. ಆದರೆ ಯಾವ ವಸ್ತು ಎಲ್ಲಿದೆ, ಚೆಂಡು ಎತ್ತ ಉರುಳಬೇಕು, ಯಾವ ಬಾಗಿಲು ತೆರೆಯಬೇಕು ಎಂಬುದನ್ನು ನಿರ್ಣಯಿಸಿ ಕೊಡುವವನು ಯಂತ್ರದ ಮುಖ್ಯ ಸಂಸ್ಕಾರಕ. ಇವನು ಹೇಳದೆ ಲೆಕ್ಕಿಗರು ಬರೆಯುವಂತಿಲ್ಲ.

ಇನ್ನು ಒಂದು ಚಿಕ್ಕ ಗಣಿತ. ನಿಮ್ಮ ಹಳೆಯ ಯಂತ್ರದಲ್ಲಿ ಒಂದು ಚಿತ್ರಕ್ಕೆ ಸಂಸ್ಕಾರಕವು 25 ಮಿಲಿಸೆಕೆಂಡನ್ನೂ, ಚಿತ್ರ ಬರೆಯುವ ಭಾಗವು 30 ಮಿಲಿಸೆಕೆಂಡನ್ನೂ ತೆಗೆದುಕೊಳ್ಳುವುವೆಂದು ಇಟ್ಟುಕೊಳ್ಳಿ. ಒಬ್ಬನು ಈ ಚಿತ್ರವನ್ನು ಬರೆಯುತ್ತಿರುವಾಗಲೇ ಇನ್ನೊಬ್ಬನು ಮುಂದಿನದನ್ನು ಸಿದ್ಧಪಡಿಸುತ್ತಿರುವುದರಿಂದ ಎರಡನ್ನೂ ಕೂಡಿಸಬೇಕಾಗಿಲ್ಲ. ನಿಧಾನವಾದವನ ಕಾಲವೇ ಒಟ್ಟು ಕಾಲವೆಂದು ಹೆಚ್ಚುಕಡಮೆ ಹೇಳಬಹುದು. ಆಗ ಸೆಕೆಂಡಿಗೆ 33 ಚಿತ್ರಗಳು ದೊರೆಯುವುವು. ನೀವು ಹಣ ತೆತ್ತು, 30ರ ಬದಲು 10 ಮಿಲಿಸೆಕೆಂಡಿನಲ್ಲಿ ಬರೆಯುವ ಕಾರ್ಡನ್ನು ತಂದಿರಿ. ಅಂಗಡಿಯವನ ಮಾತಿನಂತೆ ಸೆಕೆಂಡಿಗೆ 100 ಚಿತ್ರ ಬರಬೇಕಷ್ಟೆ. ಬರುವುದು 40 ಮಾತ್ರ! ಏಕೆಂದರೆ ಸಂಸ್ಕಾರಕದ 25 ಮಿಲಿಸೆಕೆಂಡು ಹಾಗೆಯೇ ಉಳಿದಿದೆ. ಕೊಟ್ಟ ಹಣದ ಬಹುಭಾಗ ಕಾರ್ಡಿನ ಸೋಮಾರಿತನಕ್ಕೆ ಕೊಟ್ಟ ಸಂಬಳವಾಯಿತು.

ಗಣಿಯ ಊರಿನವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಅದಿರನ್ನು ಪುಡಿಮಾಡುವ ಗಿರಣಿಯು ದಿನಕ್ಕೆ ಸಾವಿರ ಟನ್ನನ್ನು ಅರೆಯಬಲ್ಲುದಾಗಿದ್ದು, ಶಾಫ್ಟಿನಿಂದ ಮೇಲಕ್ಕೆತ್ತುವ ಎಂಜಿನ್ನು ಆರುನೂರು ಟನ್ನನ್ನು ಮಾತ್ರ ಎತ್ತಬಲ್ಲುದಾದರೆ, ಗಿರಣಿಯನ್ನು ದೊಡ್ಡದು ಮಾಡಿಸಿದವನನ್ನು ಯಾರಾದರೂ ಜಾಣನೆನ್ನುವರೆ? 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ತನ್ನು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಹಬೆಯಂತ್ರಗಳು ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ವಿದ್ಯುತ್ ಮೋಟಾರುಗಳು ವಹಿಸಿಕೊಂಡುವು. ಇದ್ದ ಗಣಿಯಲ್ಲಿ ಅಡಚಣೆ ಎಲ್ಲಿದೆಯೆಂದು ನೋಡಿ ಅಲ್ಲಿಯೇ ಕೈಹಾಕಿದ್ದಕ್ಕೆ ಇದು ನಮ್ಮ ಊರಿನದೇ ದೃಷ್ಟಾಂತ.

ಹಾಗಾದರೆ ನಿಮ್ಮ ಯಂತ್ರದ ಅಡಚಣೆ ಎಲ್ಲಿದೆಯೆಂಬುದನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೆ ಕಾಸಿನ ಖರ್ಚಿಲ್ಲದ ಪ್ರಯೋಗವೊಂದುಂಟು. ನಿಮಗೆ ಬೇಕಾದ ಆಟವನ್ನೋ, ಚಿತ್ರರಚನೆಯ ಕಾರ್ಯಕ್ರಮವನ್ನೋ ನಡೆಸಿ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆಯೆಂದು ಬರೆದುಕೊಳ್ಳಿ. ಅನಂತರ ಪರದೆಯ ಚುಕ್ಕೆಗಳನ್ನು 1280ಕ್ಕೆ 720ರಂತೆ ಇಳಿಸಿ. ಚುಕ್ಕೆಗಳ ಸಂಖ್ಯೆ ಮೊದಲಿನ ಒಂಬತ್ತರಲ್ಲಿ ನಾಲ್ಕು ಪಾಲಾಗುವುದು. ಬೇರೆ ಯಾವುದನ್ನೂ ಬದಲಾಯಿಸಬೇಡಿ. ಚಿತ್ರಗಳ ಸಂಖ್ಯೆ ಗಮನಾರ್ಹವಾಗಿ ಏರಿದರೆ ತೊಡಕಿರುವುದು ಚಿತ್ರ ಬರೆಯುವ ಭಾಗದಲ್ಲಿ, ಕಾರ್ಡಿನಿಂದ ಪ್ರಯೋಜನವುಂಟು. ಸಂಖ್ಯೆ ಇದ್ದಲ್ಲಿಯೇ ಇದ್ದರೆ ತೊಡಕು ಸಂಸ್ಕಾರಕದಲ್ಲಿದೆ. ಜೇಬಿನ ಹಣ ಜೇಬಿನಲ್ಲಿಯೇ ಇರಲಿ. ಒಂದು ಪರಿಮಾಣವನ್ನು ಮಾತ್ರ ಬದಲಿಸಿ ಉಳಿದುವನ್ನು ಸ್ಥಿರವಾಗಿಡಬೇಕೆಂದು ಪ್ರಯೋಗಶಾಲೆಯಲ್ಲಿ ವರ್ಷವೆಲ್ಲ ಹೇಳುತ್ತಿರುವೆವು; ಅಂಗಡಿಯ ಮುಂದೆ ನಿಂತಾಗ ಮಾತ್ರ ಅದನ್ನು ಮರೆತುಬಿಡುವೆವು.

ಪ್ರಯೋಗವನ್ನು ಮಾಡುವ ಮೊದಲು ಯಂತ್ರದ ಬಾಗಿಲು ತೆಗೆದು ಧೂಳನ್ನು ಝಾಡಿಸಿರಿ. ಇದು ತಮಾಷೆಯ ಮಾತಲ್ಲ. ಚಿಪ್ಪು ಮಿತಿಮೀರಿ ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಧೂಳು ತುಂಬಿದ ಫ್ಯಾನು, ಒಣಗಿಹೋದ ಪೇಸ್ಟು, ಇವೆರಡೇ ಸಾಕು ಒಳ್ಳೆಯ ಸಂಸ್ಕಾರಕವನ್ನು ಕುಂಟಿಸಲು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮೀರಿದ ಆಳವನ್ನು ಮುಟ್ಟಿದಾಗ ಅಲ್ಲಿನ ಬಂಡೆಯ ಉಷ್ಣತೆ 60 ಡಿಗ್ರಿಯನ್ನು ದಾಟಿತ್ತು. ತಂಪಾದ ಗಾಳಿಯನ್ನು ಕೆಳಕ್ಕೆ ಕಳುಹಿಸದೆ ಅಲ್ಲಿ ಆಳುಗಳಿಂದ ಕೆಲಸ ಸಾಗುವಂತಿರಲಿಲ್ಲ. ಶಾಖವನ್ನು ಹೊರಹಾಕಲಾರದ ಕಡೆ ಶಕ್ತಿಯನ್ನು ತುಂಬಿ ಪ್ರಯೋಜನವಿಲ್ಲ.

ಮತ್ತೊಂದು ಅಗ್ಗದ ಉಪಾಯ ರ್ಯಾಮಿಗೆ ಸಂಬಂಧಿಸಿದ್ದು. ಪ್ರತ್ಯೇಕ ಕಾರ್ಡಿಲ್ಲದ ಯಂತ್ರದಲ್ಲಿ ಸಂಸ್ಕಾರಕದೊಳಗೇ ಇರುವ ಚಿತ್ರವಿಭಾಗವು ಮುಖ್ಯ ಸ್ಮೃತಿಯನ್ನೇ ಹಂಚಿಕೊಂಡು ಬದುಕಬೇಕು. ಡಿಡಿಆರ್4 ಜಾತಿಯ, 2400 ಎಂದು ಗುರುತುಮಾಡಿದ ಒಂದೇ ರ್ಯಾಮ್ ಕಡ್ಡಿಯಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 19.2 ಗಿಗಾಬೈಟು ಸಾಗಬಲ್ಲುದು. ಅದೇ ಅಳತೆಯ ಇನ್ನೊಂದು ಕಡ್ಡಿಯನ್ನು ಜೊತೆಗಿಂಡಿಯಲ್ಲಿ ಸೇರಿಸಿದರೆ ದಾರಿ ಎರಡಾಗಿ 38.4 ಆಗುವುದು. ಕಚೇರಿಯಿಂದ ಬಂದ ಯಂತ್ರಗಳಲ್ಲಿ ಒಂದೇ ಕಡ್ಡಿಯಿರುವುದು ಅಪರೂಪವೇನಲ್ಲ. ಅಂತಹ ಯಂತ್ರದಲ್ಲಿ ಕಾರ್ಡಿನ ಯೋಚನೆಗಿಂತ ಮೊದಲು ಎರಡನೆಯ ಕಡ್ಡಿಯ ಯೋಚನೆ ಮಾಡುವುದು ಲೇಸು. ಯಂತ್ರ ತೆರೆಯುವುದೇ ತಡವೆಂಬುದು ದೂರಾದರೆ, ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಬೇಕು. ಗ್ರಾಫಿಕ್ಸ್ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟೆಲ್ಲ ಆದಮೇಲೂ ಕಾರ್ಡು ಬೇಕೆಂದೇ ಪ್ರಯೋಗವು ಹೇಳಿದರೆ, ಆಗ ನೋಡಬೇಕಾದುದು ವಿದ್ಯುತ್ತಿನ ಲೆಕ್ಕ. ಮದರ್‌ಬೋರ್ಡಿನ ಗಿಂಡಿಯಿಂದ ಕಾರ್ಡಿಗೆ ದೊರೆಯತಕ್ಕ ಶಕ್ತಿ 75 ವಾಟು; ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ತಂತಿ ಬರಬೇಕು. ಕಚೇರಿಯ ಸಣ್ಣ ಯಂತ್ರಗಳಲ್ಲಿ ಪವರ್ ಸಪ್ಲೈ ಇರುವುದೇ 240 ವಾಟಿನ ಆಸುಪಾಸಿನದು. ಆ ತಂತಿಯೂ ಇರುವುದಿಲ್ಲ. ಮೇಲಾಗಿ ಕೆಲವು ಕಂಪೆನಿಗಳ ಯಂತ್ರದಲ್ಲಿ ಪೆಟ್ಟಿಗೆಯ ಆಕಾರವೂ ತಂತಿಯ ತುದಿಯೂ ಅವರದೇ ಮಾದರಿಯವು. ಮಾರುಕಟ್ಟೆಯ ಸಪ್ಲೈ ಅದಕ್ಕೆ ಹೊಂದದು. ‘ಒಂದು 450 ವಾಟಿನ ಎಸ್‌ಎಂಪಿಎಸ್ ಹಾಕಿಬಿಡೋಣ’ ಎನ್ನುವವರಿದ್ದಾರೆ. ಲೇಬಲ್ಲಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಂಕಿಯನ್ನು ನಂಬಬೇಡಿ. ಅದರ ಕೆಳಗೆ ಚಿಕ್ಕ ಅಕ್ಷರಗಳಲ್ಲಿ 12 ವೋಲ್ಟಿನ ಸಾಲಿನ ಎದುರು ಎಷ್ಟು ಆಂಪೇರ್ ಎಂದಿದೆ, ನೋಡಿರಿ. ಸಂಸ್ಕಾರಕವೂ ಕಾರ್ಡೂ ತಿನ್ನುವುದು ಬಹುಪಾಲು ಆ ಸಾಲಿನಿಂದಲೇ. 14 ಆಂಪೇರ್ ಎಂದಿದ್ದರೆ ಹನ್ನೆರಡರಿಂದ ಗುಣಿಸಿ: 168 ವಾಟು. 450 ಎಲ್ಲಿ, 168 ಎಲ್ಲಿ! ವೋಲ್ಟನ್ನು ಆಂಪೇರಿನಿಂದ ಗುಣಿಸಿದರೆ ವಾಟು ಎಂಬ ಸೂತ್ರವನ್ನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ನಮ್ಮ ವಿದ್ಯಾರ್ಥಿಯು ಅದರಿಂದ ಎರಡು ಸಾವಿರ ರೂಪಾಯಿಯನ್ನು ಉಳಿಸಬಹುದೆಂಬುದನ್ನು ಯಾರೂ ಅವನಿಗೆ ಹೇಳಿಕೊಟ್ಟಿಲ್ಲ.

ಆದುದರಿಂದ ಬಡವರ ಯಂತ್ರಕ್ಕೆ ತಕ್ಕುದು 75 ವಾಟಿನೊಳಗಣ ಕಾರ್ಡು. ಎನ್‌ವಿಡಿಯ ಕಂಪೆನಿಯ ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650 ಇವು ಈ ವರ್ಗದವು. ಎರಡರಲ್ಲಿಯೂ 4 ಗಿಗಾಬೈಟು ಸ್ಮೃತಿಯಿದೆ. ಬೇರೆ ತಂತಿ ಬೇಡುವ 1650ರ ಮಾದರಿಗಳೂ ಉಂಟು. ಕೊಳ್ಳುವಾಗ ಕಾರ್ಡಿನ ಅಂಚನ್ನು ನೋಡಿಕೊಳ್ಳಬೇಕು. ಪೆಟ್ಟಿಗೆ ತೆಳ್ಳಗಿನದಾದರೆ ಅರ್ಧ ಎತ್ತರದ ಕಾರ್ಡೇ ಆಗಬೇಕು.

ಇಲ್ಲಿ ಅಂಗಡಿಯ ಒಂದು ಭಾಷೆಯನ್ನು ಕುರಿತು ಹೇಳಲೇಬೇಕು. ‘ಎರಡು ಜಿಬಿ ಕಾರ್ಡು, ನಾಲ್ಕು ಜಿಬಿ ಕಾರ್ಡು’ ಎಂದು ಅಕ್ಕಿಯ ಹಾಗೆ ತೂಕದ ಮೇಲೆ ಮಾರುವುದು ಅಲ್ಲಿನ ವಾಡಿಕೆ. ಸ್ಮೃತಿ ಎಷ್ಟಿದೆ ಎನ್ನುವಷ್ಟೇ ಮುಖ್ಯವಾದುದು ಅದು ಎಷ್ಟು ಬೇಗ ಕೈಗೆ ಸಿಗುವುದೆಂಬುದು. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಕಾರ್ಡುಗಳು ಬಂದುವು. 2017ರಲ್ಲಿ ಬಂದ ಜಿಡಿಡಿಆರ್5 ಸ್ಮೃತಿಯ ಕಾರ್ಡು ಸೆಕೆಂಡಿಗೆ 48 ಗಿಗಾಬೈಟನ್ನು ಸಾಗಿಸಬಲ್ಲುದು; 2018ರಲ್ಲಿ ಬಂದ ಡಿಡಿಆರ್4 ಸ್ಮೃತಿಯದು 16.8ನ್ನು ಮಾತ್ರ. ಎರಡರಲ್ಲಿಯೂ ಇರುವುದು ಎರಡು ಜಿಬಿಯೇ, ಹೆಸರೂ ಒಂದೇ. ಮೇಲೆ ಹೇಳಿದ ಎರಡು ರ್ಯಾಮ್ ಕಡ್ಡಿಯ 38.4ರೊಡನೆ ಈ 16.8ನ್ನು ಹೋಲಿಸಿರಿ. ಇಂತಹ ನಾಮಸಾಮ್ಯವನ್ನು ನಾನು ಮೋಸವೆಂದೇ ಕರೆಯುವೆನು. ಕಾನೂನು ಏನನ್ನುವುದೋ ವಕೀಲರು ಹೇಳಲಿ.

ಮತ್ತೊಂದು ಸೂಕ್ಷ್ಮ. ಹೊಸ ಕಾರ್ಡೆಂದ ಮಾತ್ರಕ್ಕೆ ಹಳೆಯ ಯಂತ್ರದಲ್ಲಿ ಅದು ಮೇಲೆನಿಸದು. ಎಎಂಡಿ ಕಂಪೆನಿಯು 2022ರಲ್ಲಿ ತಂದ ಆರ್‌ಎಕ್ಸ್ 6400 ಕಾರ್ಡು ಮದರ್‌ಬೋರ್ಡಿನೊಡನೆ ಮಾತಾಡಲು ನಾಲ್ಕೇ ದಾರಿಗಳನ್ನು ಬಳಸುವುದು. ನಾಲ್ಕನೆಯ ಪೀಳಿಗೆಯ ಬೋರ್ಡಿನಲ್ಲಿ ಈ ನಾಲ್ಕು ದಾರಿಗಳಿಂದ ಸೆಕೆಂಡಿಗೆ ಸುಮಾರು 8 ಗಿಗಾಬೈಟು ಸಾಗುವುದು; ಮೂರನೆಯ ಪೀಳಿಗೆಯಲ್ಲಿ ಅದರ ಅರ್ಧ, ಎರಡನೆಯದರಲ್ಲಿ ಅದರಲ್ಲೂ ಅರ್ಧ. ಹೊಸ ಯಂತ್ರದಲ್ಲಿ ಚೆನ್ನಾಗಿ ಓಡುವ ಕಾರ್ಡು ಹಳೆಯ ಯಂತ್ರದಲ್ಲಿ ಎಡವುವುದು ಇದರಿಂದ. ಹದಿನಾರು ದಾರಿಯ 1050 ಟಿಐ ವಯಸ್ಸಿನಲ್ಲಿ ಹಿರಿಯದಾದರೂ ಈ ಕಷ್ಟಕ್ಕೆ ಗುರಿಯಾಗದು.

ಇನ್ನು ಬಳಸಿದ ಕಾರ್ಡುಗಳ ವಿಚಾರ. ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷಗಳ ಮೇಲೆ ‘ಗಣಿಗಾರಿಕೆ’ ಎಂಬ ಮಾತು ನಮ್ಮ ಹುಡುಗರ ಬಾಯಲ್ಲಿ ಬೇರೊಂದು ಅರ್ಥದಲ್ಲಿ ಕೇಳಿಬಂದಿತು. ಈಥೀರಿಯಂ ಮುಂತಾದ ಡಿಜಿಟಲ್ ನಾಣ್ಯಗಳನ್ನು ಗಳಿಸುವುದಕ್ಕಾಗಿ ಲೋಕದಲ್ಲೆಲ್ಲ ಗ್ರಾಫಿಕ್ಸ್ ಕಾರ್ಡುಗಳನ್ನು ಹಗಲಿರುಳು ದುಡಿಸಿದರು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ವಿಧಾನವನ್ನು ಬದಲಾಯಿಸಿದ ಕೂಡಲೆ ಆ ಕಾರ್ಡುಗಳಿಗೆ ಕೆಲಸವಿಲ್ಲದಂತಾಯಿತು. ಅವುಗಳಲ್ಲಿ ಎಷ್ಟೋ ಬಳಸಿದ ಮಾಲಿನ ಸಂತೆಗೆ ಬಂದುವು. ನಮ್ಮ ಊರಿನ ಸಯನೈಡ್ ದಿಬ್ಬಗಳಂತೆ ಇವೂ ಒಂದು ಗಣಿಗಾರಿಕೆಯ ಶೇಷವೇ. ಇಂತಹ ಕಾರ್ಡನ್ನು ಮುಟ್ಟಲೇಬಾರದೆಂಬುದು ಹಲವರ ಮಾತು. ನಾನು ಅಷ್ಟು ದೂರ ಹೋಗಲಾರೆ. ಹೀಗೆ ದುಡಿದ ಕಾರ್ಡಿನಲ್ಲಿ ಚಿಪ್ಪಿಗಿಂತ ಮೊದಲು ಸವೆಯುವುದು ಫ್ಯಾನಿನ ಬೇರಿಂಗು, ಒಣಗುವುದು ಪೇಸ್ಟು, ಇವೆರಡನ್ನೂ ಬದಲಾಯಿಸಬಹುದು. ಆದರೆ ಕೊಳ್ಳುವ ಹಸುವಿನ ಹಲ್ಲನ್ನು ನೋಡದೆ ಕೊಳ್ಳಬಾರದು. ಅಂಗಡಿಯಲ್ಲಿಯೇ ಕಾರ್ಡನ್ನು ಯಂತ್ರಕ್ಕೆ ಹಾಕಿಸಿ, ಕನಿಷ್ಠಪಕ್ಷ ಒಂದು ಕಾಲುಗಂಟೆ ಪೂರ್ಣ ಭಾರದಲ್ಲಿ ಓಡಿಸಿ, ಉಷ್ಣತೆ ಏರಿ ಒಂದು ಕಡೆ ನಿಲ್ಲುವುದೇ, ಪರದೆಯಲ್ಲಿ ಗೆರೆ ಚುಕ್ಕೆಗಳು ಕಾಣುವುವೇ ಎಂಬುದನ್ನು ನೋಡಬೇಕು. ಇದಕ್ಕೊಪ್ಪದ ಅಂಗಡಿಯಿಂದ ಎದ್ದು ಬರುವುದೇ ಕ್ಷೇಮ. ಬಂಗಾರಪೇಟೆಯಿಂದ ಬೆಂಗಳೂರಿಗೆ ಎರಡನೆಯ ಸಲ ಹೋಗಿಬರುವ ರೈಲಿನ ಖರ್ಚು ಕೆಟ್ಟ ಕಾರ್ಡಿಗಿಂತ ಅಗ್ಗ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. 2010-11ರ ಕಾಲದ ಹಳೆಯ ಕಾರ್ಡಿನೊಳಗಿನ ಬರಹವನ್ನು ತಿದ್ದಿ, ಅದು ತನ್ನನ್ನು 1050 ಟಿಐ ಎಂದು ಹೇಳಿಕೊಳ್ಳುವಂತೆ ಮಾಡಿ ಮಾರುವವರುಂಟು. ಇದನ್ನು ಕಂಡುಹಿಡಿಯಲು ಜಿಪಿಯು-ಜೆಡ್ ಎಂಬ ಉಚಿತ ಕಾರ್ಯಕ್ರಮವಿದೆ. ಅದಕ್ಕಿಂತ ಸುಲಭವಾದ ಗುರುತು ಕಾರ್ಡಿನ ಬೆನ್ನಿನಲ್ಲಿಯೇ ಇರುವುದು: 1050 ಟಿಐ ಚಿಪ್ಪಿಗೆ ಹಳೆಯ ವಿಜಿಎ ಸಂಕೇತವನ್ನು ಹೊರಡಿಸುವ ಶಕ್ತಿಯಿಲ್ಲ. ಆ ಹೆಸರು ಹೊತ್ತ ಕಾರ್ಡಿನಲ್ಲಿ ಹದಿನೈದು ತೂತಿನ ನೀಲಿ ವಿಜಿಎ ಕಿಂಡಿ ಕಂಡುಬಂದರೆ ಅನುಮಾನ ಪಡತಕ್ಕದ್ದು. ಇದೇ ಕಾರಣದಿಂದ, ಮನೆಯ ಮಾನಿಟರಿನಲ್ಲಿ ವಿಜಿಎ ಕಿಂಡಿ ಮಾತ್ರ ಇದ್ದರೆ ಸಂಕೇತವನ್ನು ಮಾರ್ಪಡಿಸುವ ಒಂದು ಸಾಧನವನ್ನೂ ಕೊಳ್ಳಬೇಕಾಗುವುದು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹಿರಿಯರ ಆಕ್ಷೇಪಣೆಗೆ ಈಗ ಬರುತ್ತೇನೆ. ಇಷ್ಟೆಲ್ಲ ಪಾಡು ಆಟಕ್ಕಾಗಿ ತಾನೆ ಎಂದು ಅವರು ಕೇಳುವರು. ಆಡಿದರೆ ತಪ್ಪೇನೆಂದು ನಾನೂ ಕೇಳಬಹುದು; ಆದರೆ ಅದನ್ನು ಬದಿಗಿಡೋಣ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಕ್ರಿಝೆವ್‌ಸ್ಕಿ, ಸುಟ್ಸ್‌ಕೆವರ್, ಹಿಂಟನ್ ಎಂಬ ಮೂವರು, ಸುಮಾರು ಹನ್ನೆರಡು ಲಕ್ಷ ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಚಿತ್ರಗಳನ್ನು ಗುರುತಿಸಲು ಕಲಿಸಿದರು. ಇಂದಿನ ಕೃತಕ ಬುದ್ಧಿಮತ್ತೆಯ ಬೆಳವಣಿಗೆಯಲ್ಲಿ ಇದೊಂದು ಮೈಲಿಗಲ್ಲು. ಅವರು ಬಳಸಿದ ಸಲಕರಣೆ ಎರಡು ಆಟದ ಕಾರ್ಡುಗಳು: ಜಿಟಿಎಕ್ಸ್ 580, ಒಂದೊಂದರಲ್ಲಿ 3 ಗಿಗಾಬೈಟು. ಅವು ಐದಾರು ದಿನ ಎಡೆಬಿಡದೆ ದುಡಿದುವು. ಆ ಹಿಂಟನ್ನರಿಗೆ 2024ರಲ್ಲಿ ಹಾಪ್‌ಫೀಲ್ಡರೊಡನೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ಜಿಟಿಎಕ್ಸ್ 580 ಕಾರ್ಡು 244 ವಾಟು ತಿಂದು ಸೆಕೆಂಡಿಗೆ ಸುಮಾರು 1.6 ಲಕ್ಷ ಕೋಟಿ ಲೆಕ್ಕಗಳನ್ನು ಮಾಡುತ್ತಿತ್ತು. ನಮ್ಮ 1050 ಟಿಐ 75 ವಾಟಿನಲ್ಲಿ ಸುಮಾರು 2.1 ಲಕ್ಷ ಕೋಟಿ ಮಾಡುವುದು. ಕೋರಮಂಡಲ್‌ನ ಒಂದು ಕೋಣೆಯ ಮನೆಯಲ್ಲಿ ಕುಳಿತ ವಿದ್ಯಾರ್ಥಿಯ ಕೈಗೆ ಆ ಮೂವರಲ್ಲಿದ್ದ ಒಂದು ಕಾರ್ಡಿಗಿಂತ ಕಡಮೆಯಲ್ಲದ ಸಲಕರಣೆ ಸಿಗುವ ಹಾಗಿದೆ. ಇದನ್ನು ಆಟಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಚಿನ್ನಕ್ಕಾಗಿ ತೋಡಿದ ನಮ್ಮ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರು ಆಳದಲ್ಲಿ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನು ಇಂಗ್ಲೆಂಡುಗಳ ವಿಜ್ಞಾನಿಗಳೂ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಹಿಡಿದರಲ್ಲವೆ? ಒಂದು ಉದ್ದೇಶಕ್ಕಾಗಿ ಮಾಡಿದ್ದು ಇನ್ನೊಂದಕ್ಕೆ ಒದಗುವುದು ಈ ಊರಿಗೆ ಹೊಸದಲ್ಲ.

ಕಲಿಕೆಗಾಗಿ ಕೊಳ್ಳುವವರಿಗೆ ಮಾತ್ರ ಒಂದು ಎಚ್ಚರಿಕೆ. ಎನ್‌ವಿಡಿಯ ಕಂಪೆನಿಯು 2025ರಲ್ಲಿ ಹೊರತಂದ ಕುಡಾ 13 ಎಂಬ ಸಾಧನಸಂಚಿಯಲ್ಲಿ 1050 ಟಿಐಯ ಪೀಳಿಗೆಯನ್ನು ಕೈಬಿಟ್ಟಿದೆ. ಅದರಲ್ಲಿ ಕೆಲಸಮಾಡಲು ಹಿಂದಿನ ಆವೃತ್ತಿಗಳನ್ನೇ ಬಳಸಬೇಕು. 1650 ಇನ್ನೂ ಪಟ್ಟಿಯಲ್ಲಿದೆ. ಬೆಲೆಯಲ್ಲಿ ತುಸು ವ್ಯತ್ಯಾಸವಿದ್ದರೂ ವಿದ್ಯಾರ್ಥಿಗೆ ನಾನು 1650ನ್ನೇ ಹೇಳುವೆನು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಹಳೆಯ ಯಂತ್ರವುಳ್ಳವರು ಲಿನಕ್ಸಿನ ಕಡೆಗೆ ನೋಡುವುದಕ್ಕೆ ಇದು ತಕ್ಕ ಕಾಲ.

ಕೊನೆಯದಾಗಿ ನಮ್ಮ ಕಾಲೇಜುಗಳ ಮಾತು. ಲೆಕ್ಕದಿಂದ ತೆಗೆದುಹಾಕಿದ ಗಣಕಯಂತ್ರಗಳನ್ನು ಒಂದು ಕೋಣೆಯಲ್ಲಿ ಪೇರಿಸಿ ಬೀಗ ಹಾಕಿ ತುಕ್ಕು ಹಿಡಿಸುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಅವುಗಳಲ್ಲಿ ಎರಡನ್ನು ಹೊರತೆಗೆದು ವಿಜ್ಞಾನ ಸಂಘದ ವಶಕ್ಕೆ ಕೊಡಬೇಕು. ಕಾರ್ಡು ಕೊಳ್ಳಬೇಕೆಂದಿರುವ ವಿದ್ಯಾರ್ಥಿಯು ಅಲ್ಲಿ ಮೊದಲು ಯಂತ್ರವನ್ನು ಬಿಚ್ಚಿ, ಒಂದು ರ್ಯಾಮ್ ಕಡ್ಡಿಯಲ್ಲಿ ಎಷ್ಟು, ಎರಡರಲ್ಲಿ ಎಷ್ಟು, ಧೂಳಿದ್ದಾಗ ಎಷ್ಟು, ತೆಗೆದಾಗ ಎಷ್ಟು ಎಂದು ಅಳೆದು ಕೋಷ್ಟಕ ಬರೆಯಲಿ. ಇದಕ್ಕೆ ಬೇಕಾದುದು ಒಂದು ಸ್ಕ್ರೂಡ್ರೈವರು, ಗೋಡೆಯ ಪ್ಲಗ್ಗಿಗೆ ಹಾಕುವ ಒಂದು ವಾಟ್‌ಮೀಟರು, ಒಂದು ಬಣ್ಣದ ಬ್ರಷ್ಷು, ಶನಿವಾರ ಮಧ್ಯಾಹ್ನದ ಎರಡು ಗಂಟೆಗಳ ಬಿಡುವು. ಸಂಘದವರೆಲ್ಲ ಸೇರಿ ಒಂದು ಬಳಸಿದ 1650 ಕಾರ್ಡನ್ನು ಕೊಂಡಿಟ್ಟರೆ, ತನ್ನ ಯಂತ್ರವನ್ನು ಹೊತ್ತು ತಂದ ಹುಡುಗಿಯು ಅದನ್ನು ಅಲ್ಲಿಯೇ ಸಿಕ್ಕಿಸಿ, ತನಗೆ ಅದರಿಂದ ಲಾಭವುಂಟೆ ಇಲ್ಲವೆ ಎಂಬುದನ್ನು ತನ್ನ ಹಣ ತೆಗೆಯುವ ಮೊದಲೇ ಕಂಡುಕೊಳ್ಳಬಹುದು.